40 ಅಡಿ ಟ್ರೈಲರ್ ಮೇಲೆ ಒಂದೇ ಭಾರಿ 20 ಅಡಿ ಕಂಟೇನರ್: ಎಲ್ಲಿ ಕೂರಿಸಬೇಕು?

ಇಳಕಲ್_ಸಾರಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಳಕಲ್ಲ ಸುತ್ತಲಿನ ಗ್ರಾನೈಟ್ ಪಾಲಿಶಿಂಗ್ ಕಾರ್ಖಾನೆಗಳಿಂದ ನಿಡಗುಂದಿ, ವಿಜಯಪುರ, ಸೊಲ್ಲಾಪುರ, ಪುಣೆ ಮಾರ್ಗವಾಗಿ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿಗೆ 20 ಅಡಿಯ ಕಂಟೇನರ್‌ಗಳನ್ನು ಸಾಗಿಸುವ ಕೆಲಸ ನಮ್ಮದು. ನಮ್ಮ ಬಳಿ ಇರುವುದು ಎರಡು ಆಕ್ಸಲ್‌ನ ಹಾರ್ಸ್ (ಎಳೆಯುವ ಎಂಜಿನ್ ಗಾಡಿ) ಮತ್ತು ಅದಕ್ಕೆ ಜೋಡಿಸುವ ಮೂರು ಆಕ್ಸಲ್‌ನ 40 ಅಡಿ ಪ್ಲಾಟ್‌ಫಾರ್ಮ್ ಟ್ರೈಲರ್. ಟ್ರೈಲರ್‌ಗೆ ಕಂಟೇನರ್‌ನ ಮೂಲೆ ತೂತುಗಳಿಗೆ ಸೇರಿ ತಿರುಗಿ ಹಿಡಿಯುವ ಎಂಟು ಟ್ವಿಸ್ಟ್ ಲಾಕ್‌ಗಳಿದ್ದು, ಅವುಗಳ ಮೇಲೆ ಒಂದು 40 ಅಡಿಯ ಅಥವಾ ಎರಡು 20 ಅಡಿಯ ಕಂಟೇನರ್ ಕೂರುತ್ತವೆ.

ಕಾರ್ಖಾನೆಗಳಲ್ಲಿ ಸ್ಲ್ಯಾಬಿನ ಕಟ್ಟುಗಳನ್ನು ಕಂಟೇನರ್ ಬಾಗಿಲಿನಿಂದಲೇ ಒಳಗೆ ಸೇರಿಸಬೇಕಾದ ಕಾರಣ, ಕಂಟೇನರ್ ಟ್ರೈಲರ್‌ನ ಬಾಲದ ತುದಿಗೇ ಇರಬೇಕೆಂದು ಅವರು ಕೇಳುತ್ತಾರೆ. ಹಾಗಾಗಿ ನಾವು ಯಾವಾಗಲೂ ಹಿಂದಿನ ನಾಲ್ಕು ಲಾಕ್‌ಗಳ ಮೇಲೆಯೇ ಕೂರಿಸುತ್ತ ಬಂದಿದ್ದೇವೆ. ಕಂಟೇನರ್ ಮತ್ತು ಸರಕು ಸೇರಿ ಸುಮಾರು 28 ಟನ್ ಆಗುತ್ತದೆ. ವೇ ಬ್ರಿಜ್ ಚೀಟಿಯಲ್ಲಿ ಇಡೀ ಗಾಡಿಯ ತೂಕ 41.5 ಟನ್ ಬರುತ್ತದೆ, ಆರ್‌ಸಿಯಲ್ಲಿ ಬರೆದಿರುವ ಮಿತಿ 45.5 ಟನ್. ಲೆಕ್ಕದ ಪ್ರಕಾರ ಇದು ಓವರ್‌ಲೋಡ್ ಅಲ್ಲ.

ಹೀಗಿದ್ದರೂ ಟ್ರೈಲರ್‌ನ ಟೈರುಗಳು ವಿಪರೀತ ಕಾಯುತ್ತವೆ, ಸ್ಪ್ರಿಂಗ್ ಪ್ಲೇಟುಗಳು ಪದೇ ಪದೇ ಮುರಿಯುತ್ತವೆ. ಮಳೆಗಾಲದಲ್ಲಿ ಕಾರ್ಖಾನೆಯ ಅಂಗಳದಿಂದ ಡಾಂಬರಿನ ರಸ್ತೆಗೆ ಏರುವಾಗ ಹಾರ್ಸ್‌ನ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುತ್ತವೆ. ಸ್ಟೇರಿಂಗ್ ಹಗುರವಾದಂತೆ ಭಾಸವಾಗುತ್ತದೆ ಎಂದು ಚಾಲಕರು ಹೇಳುತ್ತಾರೆ. ಹಳೆಯ ಸ್ಕೆಲೆಟನ್ ಚಾಸಿಸ್ (ಪ್ಲಾಟ್‌ಫಾರ್ಮ್ ಇಲ್ಲದ, ಬರೀ ಚೌಕಟ್ಟಿನ ಟ್ರೈಲರ್) ಒಂದು ಮಾರಾಟಕ್ಕಿದೆ ಎಂದು ಕೇಳಿದ್ದೇನೆ. ಅದನ್ನು ಕೊಂಡರೆ ಈ ತೊಂದರೆ ತಪ್ಪೀತೇ, ಅಥವಾ ಇರುವ ಟ್ರೈಲರ್‌ನಲ್ಲಿಯೇ ಏನಾದರೂ ಬದಲಿಸಿಕೊಳ್ಳಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನವನಗರದ_ಮಾಸ್ತರ, ಬಾಗಲಕೋಟೆ

ನಿಮ್ಮ ವೇ ಬ್ರಿಜ್ ಚೀಟಿ ಸುಳ್ಳು ಹೇಳುತ್ತಿಲ್ಲ, ಆದರೆ ನಿಮಗೆ ಬೇಕಾದ ವಿಷಯ ಅದರಲ್ಲಿಲ್ಲ. 45.5 ಟನ್ ಎಂಬ ಮಿತಿ ಒಂದೇ ಗಂಟಲ್ಲ. 2018ರ ಜುಲೈ ತಿಂಗಳ ಕೇಂದ್ರದ ಅಧಿಸೂಚನೆಯಂತೆ ಅದು ಸ್ಟೇರಿಂಗ್ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಡ್ರೈವ್ ಆಕ್ಸಲ್‌ಗೆ 11.5 ಟನ್, ಟ್ರೈಲರ್‌ನ ಮೂರು ಆಕ್ಸಲ್‌ಗಳಿಗೆ ಒಟ್ಟಾಗಿ 27 ಟನ್ ಎಂಬ ಮೂರು ಮಿತಿಗಳ ಮೊತ್ತ. ಇವುಗಳಲ್ಲಿ ಒಂದು ತುಂಬಿ ಚೆಲ್ಲುತ್ತಿದ್ದು ಇನ್ನೊಂದು ಅರ್ಧ ಖಾಲಿ ಇದ್ದರೂ ಮೊತ್ತ ಸರಿಯಾಗಿಯೇ ಕಾಣುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಗಾಡಿಯ ಅಳತೆ ನನ್ನ ಬಳಿ ಇಲ್ಲದ ಕಾರಣ ಸಾಮಾನ್ಯ ಅಳತೆಗಳನ್ನೇ ಹಿಡಿಯುತ್ತೇನೆ: ಟ್ರೈಲರ್ ಉದ್ದ 12.2 ಮೀಟರ್, ಕಿಂಗ್ ಪಿನ್ (ಟ್ರೈಲರನ್ನು ಹಾರ್ಸ್‌ಗೆ ಸೇರಿಸುವ ಗೂಟ; ಇದರ ಮೇಲಿನ ಭಾರ ಹಾರ್ಸ್‌ಗೆ ಹೋಗುತ್ತದೆ) ಮುಂದಿನ ತುದಿಯಿಂದ 1 ಮೀಟರ್ ಒಳಗೆ, ಮೂರು ಆಕ್ಸಲ್‌ಗಳ ನಡುಬಿಂದು ಬಾಲದಿಂದ 2.9 ಮೀಟರ್ ಮುಂದೆ. ಅಂದರೆ ಕಿಂಗ್ ಪಿನ್‌ನಿಂದ ಆಕ್ಸಲ್‌ಗಳ ನಡುವಿಗೆ 8.3 ಮೀಟರ್. ಹಾರ್ಸ್ 7 ಟನ್, ಟ್ರೈಲರ್ 6.5 ಟನ್ ಎಂದೂ, ಟ್ರೈಲರ್‌ನ ಸ್ವಂತ ತೂಕದಲ್ಲಿ 4.5 ಟನ್ ಅದರ ಆಕ್ಸಲ್‌ಗಳ ಮೇಲೆ, 2 ಟನ್ ಕಿಂಗ್ ಪಿನ್ ಮೇಲೆ ಬೀಳುತ್ತದೆಂದೂ ಇಟ್ಟುಕೊಳ್ಳೋಣ.

20 ಅಡಿಯ ಕಂಟೇನರ್‌ನ ಉದ್ದ 6.058 ಮೀಟರ್. ಅದನ್ನು ಬಾಲದ ತುದಿಗೆ ಕೂರಿಸಿದರೆ ಅದರ ನಡುಬಿಂದು ಕಿಂಗ್ ಪಿನ್‌ನಿಂದ ಸುಮಾರು 8.17 ಮೀಟರ್ ದೂರದಲ್ಲಿ, ಅಂದರೆ ಹೆಚ್ಚುಕಡಿಮೆ ಆಕ್ಸಲ್‌ಗಳ ನೆತ್ತಿಯ ಮೇಲೆಯೇ ಇರುತ್ತದೆ. ಇಬ್ಬರು ಹೆಗಲ ಮೇಲೆ ಕೋಲು ಹೊತ್ತು ಅದಕ್ಕೆ ಚೀಲ ತೂಗುಹಾಕಿದಾಗ ಚೀಲ ಹಿಂದಿನವನ ಹತ್ತಿರ ಸರಿದರೆ ಮುಂದಿನವನು ಬರಿದೇ ನಡೆಯುತ್ತಾನಲ್ಲ, ಇಲ್ಲಿಯೂ ಹಾಗೆಯೇ. 28 ಟನ್ನಿನಲ್ಲಿ 27.5 ಟನ್ ಟ್ರೈಲರ್‌ನ ಆಕ್ಸಲ್‌ಗಳಿಗೆ ಹೋಗುತ್ತದೆ. ಅವುಗಳ ಮೇಲಿರುವ ಸ್ವಂತ ತೂಕ ಸೇರಿ 32 ಟನ್. ಮಿತಿ 27, ಅಂದರೆ 5 ಟನ್ ಹೆಚ್ಚು. ಟೈರು ಕಾಯುವುದಕ್ಕೂ ಪ್ಲೇಟು ಮುರಿಯುವುದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅತ್ತ ಕಿಂಗ್ ಪಿನ್ ಮೇಲೆ ಎರಡೂವರೆ ಟನ್ ಕೂಡ ಇರುವುದಿಲ್ಲ. 41 ಟನ್ನಿನ ಗಾಡಿಯನ್ನು ಎಳೆಯಬೇಕಾದ ಗಾಲಿಗಳು ನೆಲವನ್ನು ಒತ್ತಿ ಹಿಡಿಯುವಷ್ಟು ಭಾರವೇ ಇಲ್ಲದೆ ತಿರುಗುತ್ತವೆ.

ಹಾಗೆಂದು ಸರಿಯಾಗಿ ಮಧ್ಯದಲ್ಲಿ ಇಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ಮಧ್ಯದಲ್ಲಿಟ್ಟಾಗ ಟ್ರೈಲರ್‌ನ ಆಕ್ಸಲ್‌ಗಳಿಗೆ 21.7 ಟನ್ ಬಂದು ಅವು ನೆಮ್ಮದಿಯಾಗುತ್ತವೆ. ಆದರೆ ಕಿಂಗ್ ಪಿನ್ ಮೇಲೆ 12.8 ಟನ್ ಬಿದ್ದು, ಹಾರ್ಸ್‌ನ ಸ್ವಂತ ತೂಕ ಸೇರಿ ಅದರ ಎರಡು ಆಕ್ಸಲ್‌ಗಳ ಮೇಲೆ 19.8 ಟನ್ ಆಗುತ್ತದೆ. ಅವುಗಳ ಮಿತಿ 18.5. ಆದ್ದರಿಂದ ನಿಮ್ಮ ಎರಡು ಆಕ್ಸಲ್‌ನ ಹಾರ್ಸ್‌ಗೆ ಸರಿಯಾದ ಜಾಗ ಮಧ್ಯದಿಂದ ಸುಮಾರು ಅರ್ಧ ಮೀಟರ್ ಹಿಂದೆ: ಅಲ್ಲಿ ಹಾರ್ಸ್ ಮೇಲೆ 18.1, ಟ್ರೈಲರ್ ಆಕ್ಸಲ್‌ಗಳ ಮೇಲೆ 23.4 ಟನ್ ಬರುತ್ತದೆ. ಮೂರು ಆಕ್ಸಲ್‌ನ ಹಾರ್ಸ್ ಆಗಿದ್ದರೆ ಅದರ ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್ ಮಿತಿ ಇರುವುದರಿಂದ ನಟ್ಟನಡುವೆ ಇಟ್ಟರೂ ನಡೆಯುತ್ತಿತ್ತು.

ನನ್ನ ಅಂಕಿಗಳನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ. ಮುಂದಿನ ಲೋಡ್ ಆದಾಗ ವೇ ಬ್ರಿಜ್ ಮೇಲೆ ಮೊದಲು ಹಾರ್ಸ್‌ನ ಗಾಲಿಗಳನ್ನು ಮಾತ್ರ ಏರಿಸಿ ತೂಗಿಸಿ, ಆಮೇಲೆ ಮುಂದೆ ಸಾಗಿ ಟ್ರೈಲರ್‌ನ ಗಾಲಿಗಳನ್ನು ಮಾತ್ರ ನಿಲ್ಲಿಸಿ ತೂಗಿಸಿ. ಎರಡೂ ಕಡೆಯ ನೆಲ ವೇ ಬ್ರಿಜ್‌ನ ಮಟ್ಟಕ್ಕೇ ಇರಬೇಕು. ಇಳಿಜಾರಿನಲ್ಲಿ ನಿಂತ ಅರ್ಧ ಗಾಡಿಯ ತೂಕ ಸರಿಯಾಗಿ ಬರುವುದಿಲ್ಲ.

ಉದ್ಯಮಬಾಗ_ವೆಲ್ಡರ್, ಬೆಳಗಾವಿ

ಮಾಸ್ತರರ ಲೆಕ್ಕ ಸರಿಯಾಗಿದೆ. ಟ್ರೈಲರ್ ರಿಪೇರಿಗೆ ಬರುವಾಗ ಯಾವ ಗಾಡಿ ಯಾವ ಲಾಕ್ ಮೇಲೆ ದುಡಿದಿದೆ ಎಂಬುದನ್ನು ಅದರ ಪ್ಲೇಟ್ ಬ್ರಾಕೆಟ್ಟಿನ ಬಿರುಕು ನೋಡಿಯೇ ಹೇಳಬಹುದು.

ಸಾವಕಾರರೇ, ಎಂಟು ಲಾಕ್‌ನ ಟ್ರೈಲರ್‌ಗೆ ಇನ್ನೂ ನಾಲ್ಕು ಲಾಕ್ ಕೂರಿಸಿ ಹನ್ನೆರಡು ಮಾಡಿಕೊಳ್ಳುವುದು ಸಾಧ್ಯವಿದೆ. 20 ಅಡಿ ಕಂಟೇನರ್‌ನ ಕೆಳಗಿನ ಮೂಲೆ ತೂತುಗಳ ನಡುವಿನ ಅಂತರ ಉದ್ದಕ್ಕೆ 5,853 ಮಿಲಿಮೀಟರ್, ಅಗಲಕ್ಕೆ 2,259 ಮಿಲಿಮೀಟರ್. ಜಗತ್ತಿನ ಯಾವ ಬಂದರಿನಿಂದ ಬಂದ ಕಂಟೇನರ್ ಆದರೂ ಇದೇ ಅಳತೆ. ಉದ್ದ, ಅಗಲ ಎರಡೂ ಸರಿ ಬಂದ ಮಾತ್ರಕ್ಕೆ ವೆಲ್ಡಿಂಗ್ ಆರಂಭಿಸಬಾರದು. ಎರಡು ಕರ್ಣಗಳನ್ನೂ ಟೇಪು ಹಿಡಿದು ಅಳೆದು ಅವು ಸಮ ಇವೆಯೇ ನೋಡಬೇಕು. ಓರೆಯಾಗಿ ಕೂತ ಲಾಕ್ ಮೂರು ಮೂಲೆಗಳಿಗೆ ಹೊಂದಿ ನಾಲ್ಕನೆಯದಕ್ಕೆ ಹೊಂದುವುದಿಲ್ಲ. ಆಗ ಚಾಲಕ ಮೂರು ಲಾಕ್ ತಿರುಗಿಸಿ ಹೊರಟುಬಿಡುತ್ತಾನೆ.

ನಿಮ್ಮ ಟ್ರೈಲರ್‌ನಲ್ಲಿ ತೊಡಕಿನ ಜಾಗ ಒಂದಿದೆ. ಮಾಸ್ತರರು ಹೇಳಿದಂತೆ ಮಧ್ಯದಿಂದ ಅರ್ಧ ಮೀಟರ್ ಹಿಂದೆ ಹೋದರೆ ಹಿಂಬದಿಯ ಜೋಡಿ ಲಾಕ್‌ಗಳು ನಡು ಆಕ್ಸಲ್‌ನ ಆಸುಪಾಸಿಗೆ, ಅದೂ ಟೈರುಗಳ ನೇರಕ್ಕೆ ಬರುತ್ತವೆ. ಲಾಕ್‌ನ ಹಿಡಿಕೆ ಕೆಳಗೆ ಇಳಿಬಿದ್ದಿರುತ್ತದೆ. ಖಾಲಿ ಗಾಡಿಯಲ್ಲಿ ಅಂಗೈ ಹೋಗುವಷ್ಟು ಜಾಗ ಕಂಡರೂ, ಲೋಡ್ ಆಗಿ ಪ್ಲೇಟು ಚಪ್ಪಟೆಯಾದ ಮೇಲೆ ಗುಂಡಿಯೊಂದಕ್ಕೆ ಗಾಲಿ ಇಳಿದು ಎದ್ದರೆ ಟೈರು ಆ ಹಿಡಿಕೆಯನ್ನು ತಾಗುತ್ತದೆ. ಆದ್ದರಿಂದ ಲೋಡ್ ಇರುವ ಗಾಡಿಯಲ್ಲಿ ಟೈರು ಮತ್ತು ಪ್ಲಾಟ್‌ಫಾರ್ಮ್ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂದು ಮೊದಲು ಅಳೆಯಿರಿ. ಬೇಕಾದರೆ ಲಾಕ್‌ನ ಜಾಗವನ್ನು ಒಂದು ಗೇಣು ಅತ್ತಿತ್ತ ಮಾಡಿ, ಮಾಸ್ತರರಿಂದ ಮತ್ತೊಮ್ಮೆ ಲೆಕ್ಕ ಹಾಕಿಸಿಕೊಳ್ಳಿ.

ಲಾಕ್ ಪೆಟ್ಟಿಗೆಯನ್ನು ತುದಿಯ ಚಾನಲ್‌ಗೆ ಮಾತ್ರ ಅಂಟಿಸಿದರೆ ಸಾಲದು. ಅದರ ಕೆಳಗೆ ಒಂದು ಗಟ್ಟಿ ಕ್ರಾಸ್ ಮೆಂಬರ್ ಕೊಟ್ಟು, ಅದನ್ನು ಎರಡೂ ಮುಖ್ಯ ಬೀಮುಗಳ ನಿಂತ ತಗಡಿಗೆ ಸೇರಿಸಬೇಕು. ಬೀಮಿನ ಕೆಳಪಟ್ಟಿಗೆ ಅಡ್ಡಲಾಗಿ ವೆಲ್ಡಿಂಗ್ ಎಳೆಯಲೇಬಾರದು. ಬಾಗಿದಾಗ ಅತಿ ಹೆಚ್ಚು ಎಳೆತ ಬೀಳುವುದು ಅಲ್ಲಿಯೇ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಟ್ರೈಲರ್ ಕಟ್ಟಿದ ಕಂಪನಿಯವರ ಒಪ್ಪಿಗೆ ಪತ್ರ ಪಡೆದು, ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಈ ಕೆಲಸಕ್ಕೆ ಕೈ ಹಾಕಿ.

ಬಳಕೆಯಲ್ಲಿಲ್ಲದ ಲಾಕ್‌ಗಳು ಪ್ಲಾಟ್‌ಫಾರ್ಮ್ ಮಟ್ಟದ ಕೆಳಗೆ ಇಳಿಯುವಂತಿರಬೇಕು ಎಂಬುದೂ ಮುಖ್ಯ. ಕಂಟೇನರ್ ನಿಲ್ಲಬೇಕಾದದ್ದು ತನ್ನ ನಾಲ್ಕು ಮೂಲೆಗಳ ಮೇಲೆ. ಅದರ ಅಡಿಯ ಅಡ್ಡಪಟ್ಟಿಗಳು ಮೂಲೆಗಿಂತ ಒಂದು ಸೆಂಟಿಮೀಟರ್ ಚಿಲ್ಲರೆಯಷ್ಟೇ ಮೇಲಿರುತ್ತವೆ. ತಲೆ ಎತ್ತಿ ನಿಂತ ಒಂದು ಹಳೆಯ ಲಾಕ್ ಆ ಪಟ್ಟಿಯನ್ನು ಚುಚ್ಚಿದರೆ 28 ಟನ್ ಅದರ ಮೇಲೆಯೇ ಕುಣಿಯುತ್ತದೆ.

ಇಳಕಲ್_ಸಾರಿಗೆ

ಮಾಸ್ತರರಿಗೂ ಬೆಳಗಾವಿಯವರಿಗೂ ಧನ್ಯವಾದಗಳು. ಹಾರ್ಸ್ ಮತ್ತು ಟ್ರೈಲರ್ ಬೇರೆ ಬೇರೆ ತೂಗಿಸುವ ವಿಚಾರ ಇಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಲೋಡ್ ಮಾಡುವ ತೊಂದರೆ ಹಾಗೆಯೇ ಉಳಿಯುತ್ತದೆ. ಕಂಟೇನರ್ ಮುಂದಕ್ಕೆ ಹೋದರೆ ಬಾಗಿಲಿನ ಹಿಂದೆ ಎಂಟು ಅಡಿಗೂ ಹೆಚ್ಚು ಖಾಲಿ ಪ್ಲಾಟ್‌ಫಾರ್ಮ್ ಉಳಿದು, ಸ್ಲ್ಯಾಬ್ ಹಿಡಿದ ತೋಳು ಒಳಗಿನ ತುದಿಯನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಒಂದು ಕಾರ್ಖಾನೆಯಲ್ಲಿ ಕಲ್ಲಿನ ಬ್ಲಾಕು ಎತ್ತುವ ದೊಡ್ಡ ಗ್ಯಾಂಟ್ರಿ ಕ್ರೇನ್ ಇದೆ. ಬಾಲದಲ್ಲಿ ಇಟ್ಟು ಲೋಡ್ ಮಾಡಿ, ನಂತರ ಆ ಕ್ರೇನ್‌ನಿಂದ ಮೇಲಿನ ನಾಲ್ಕು ಮೂಲೆಗೆ ಸರಪಳಿ ಹಾಕಿ ಎತ್ತಿ ಮುಂದಕ್ಕೆ ಸರಿಸಬಹುದು ಎಂದು ಅಲ್ಲಿನ ಸೂಪರ್‌ವೈಸರ್ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಮಚ್ಛೆ_ಡಿಸ್ಪ್ಯಾಚ್, ಬೆಳಗಾವಿ

ಮಾಡಬಾರದು. ಮೇಲಿನ ನಾಲ್ಕು ಮೂಲೆಗಳಿಂದ ಬಂದ ಸರಪಳಿಗಳು ಕ್ರೇನ್‌ನ ಒಂದೇ ಕೊಕ್ಕೆಯಲ್ಲಿ ಕೂಡಿದರೆ ಅವು ಓರೆಯಾಗಿ ಎಳೆದು ಮೂಲೆಗಳನ್ನು ಒಳಕ್ಕೆ ಅಮುಕುತ್ತವೆ. ಲೋಡ್ ಇರುವ ಕಂಟೇನರ್‌ನ ಮೇಲ್ಭಾಗದ ಚೌಕಟ್ಟು ನೇರವಾಗಿ ಮೇಲಕ್ಕೆ ಎಳೆಯುವುದಕ್ಕೆ ಮಾತ್ರ ಮಾಡಿದ್ದು. ಬಂದರಿನಲ್ಲಿ ಅಷ್ಟಗಲದ ಸ್ಪ್ರೆಡರ್ (ನಾಲ್ಕೂ ಮೂಲೆಗಳನ್ನು ನೇರ ಮೇಲಿನಿಂದ ಹಿಡಿಯುವ ಚೌಕಟ್ಟು) ಬಳಸುವುದೂ ಅದಕ್ಕೇ. ಸ್ಪ್ರೆಡರ್ ಇಲ್ಲದ ಕಡೆ ಕೆಳಗಿನ ಮೂಲೆಗಳಿಗೆ, ಅದಕ್ಕೆಂದೇ ಮಾಡಿದ ಕೊಂಡಿ ಹಾಕಿ ಎತ್ತುವ ಕ್ರಮವಿದೆ. ಆದರೆ ಅದಕ್ಕೂ ಸರಪಳಿಯ ಉದ್ದ, ಕೋನ, ಕ್ರೇನ್‌ನ ಸಾಮರ್ಥ್ಯ ಎಲ್ಲವನ್ನೂ ಲೆಕ್ಕ ಹಾಕಿದ ಜನ ಬೇಕು. ಸೂಪರ್‌ವೈಸರ್ ಅವರ ಅಂದಾಜು ಇಲ್ಲಿ ಸಾಲದು.

ನಾನು ಫೌಂಡ್ರಿಯೊಂದರಲ್ಲಿ ರಫ್ತು ಮಾಲು ಕಳಿಸುವ ವಿಭಾಗದಲ್ಲಿದ್ದೇನೆ. ನಮ್ಮ ಎರಕದ ಮಾಲಿಗೂ ನಿಮ್ಮ ಸ್ಲ್ಯಾಬಿಗೂ ಇರುವ ಸಮಾನ ತೊಂದರೆ ಎಂದರೆ ಕಂಟೇನರ್ ತುಂಬುವ ಮೊದಲೇ ತೂಕ ತುಂಬಿಬಿಡುತ್ತದೆ. ಆಗ ಲೋಡ್ ಮಾಡುವವರು ಸುಲಭವೆಂದು ಅರ್ಧ ಕಂಟೇನರ್‌ನಲ್ಲೇ ಎಲ್ಲವನ್ನೂ ಒತ್ತಿ ಇಡುತ್ತಾರೆ. ಮಾಸ್ತರರ ಲೆಕ್ಕದಲ್ಲಿ ಕಂಟೇನರ್‌ನ ಭಾರ ಅದರ ನಟ್ಟನಡುವೆ ಇದೆ ಎಂದು ಹಿಡಿದಿದ್ದಾರೆ. ಕಟ್ಟುಗಳನ್ನು ಬಾಗಿಲ ಕಡೆ ಅರ್ಧ ಮೀಟರ್ ಜರುಗಿಸಿ ಇಟ್ಟರೆ ಟ್ರೈಲರ್‌ಗೆ ಅದು ಕಂಟೇನರನ್ನೇ ಹೆಚ್ಚುಕಡಿಮೆ ಅಷ್ಟು ಜರುಗಿಸಿದಂತೆ. ಕಟ್ಟುಗಳ ಕೆಳಗೆ ಉದ್ದಕ್ಕೂ ದಪ್ಪ ತೊಲೆ ಹಾಸಿ ಭಾರವನ್ನು ನೆಲದ ಉದ್ದಕ್ಕೆ ಹಂಚಬೇಕು, ಎಡಬಲಗಳಲ್ಲೂ ಸಮ ಇರಬೇಕು.

ತೂಕದ ಬಗ್ಗೆ ಇನ್ನೊಂದು ಮಾತು. ಹಡಗಿಗೆ ಏರುವ ಪ್ರತಿ ಕಂಟೇನರ್‌ಗೂ ಪರಿಶೀಲಿಸಿದ ಒಟ್ಟು ತೂಕವನ್ನು, ಅಂದರೆ ವಿಜಿಎಂ ಅನ್ನು ರಫ್ತುದಾರರು ಘೋಷಿಸಬೇಕೆಂಬ ನಿಯಮ 2016ರ ಜುಲೈ 1ರಿಂದ ಇದೆ. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.65 ಟನ್ ತೂಗುವುದರಿಂದ 20 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಚದರ ಮೀಟರ್‌ಗೆ 53 ಕಿಲೋ ಆಗುತ್ತದೆ. ಎಲ್ಲ ಸ್ಲ್ಯಾಬುಗಳೂ ಒಂದೆರಡು ಮಿಲಿಮೀಟರ್ ದಪ್ಪಗೆ ಬಂದಿದ್ದರೆ ಪೂರ್ತಿ ಲೋಡಿನಲ್ಲಿ ಅದು ಟನ್ನುಗಳ ವ್ಯತ್ಯಾಸ. ಕಾರ್ಖಾನೆಯವರು ಅಳತೆಯಿಂದ ಬರೆದುಕೊಟ್ಟ ತೂಕವನ್ನು ಒಪ್ಪಿಕೊಳ್ಳದೆ, ತೂಗಿಸಿದ ಚೀಟಿಯನ್ನೇ ಕೇಳಿ ಪಡೆಯಿರಿ. ದಾರಿಯಲ್ಲಿ ಹಿಡಿದರೆ ಓವರ್‌ಲೋಡ್‌ನ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಅದು ಬೀಳುವುದು ಗಾಡಿಯವರ ತಲೆಗೆ.

ತಿಕೋಟಾ_ರೀಫರ್, ವಿಜಯಪುರ

ಮೇಲಿನವರೆಲ್ಲ ಇರುವ ಟ್ರೈಲರನ್ನು ಹೇಗೆ ಸರಿಮಾಡಬೇಕೆಂದು ಹೇಳಿದರು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ: ನೀವು ತಪ್ಪು ಉದ್ದದ ಟ್ರೈಲರ್ ಎಳೆಯುತ್ತಿದ್ದೀರಿ. ಮಾರಾಟಕ್ಕಿರುವ ಸ್ಕೆಲೆಟನ್ ಚಾಸಿಸ್ 40 ಅಡಿಯದೇ ಆಗಿದ್ದರೆ ಸ್ವಂತ ತೂಕದಲ್ಲಿ ಸ್ವಲ್ಪ ಉಳಿತಾಯವಾದೀತು, ಆದರೆ ಭಾರ ಬೀಳುವ ಜಾಗ ಬದಲಾಗುವುದಿಲ್ಲ. ನಿಮಗೆ ಬೇಕಾದದ್ದು 20 ಅಡಿಯ ಕಂಟೇನರ್‌ಗೆಂದೇ ಕಟ್ಟಿದ ಗಿಡ್ಡ ಚಾಸಿಸ್. ಅದರಲ್ಲಿ ಕಂಟೇನರ್‌ನ ಬಾಗಿಲು ತಾನಾಗಿಯೇ ಬಾಲದ ತುದಿಗೆ ಬರುವುದರಿಂದ ಕಾರ್ಖಾನೆಯವರ ತಕರಾರೂ ಇರುವುದಿಲ್ಲ, ಇಳಕಲ್ಲಿನ ಒಳರಸ್ತೆಗಳಲ್ಲಿ ತಿರುಗಿಸುವುದೂ ಸುಲಭ.

ನಾವು 40 ಅಡಿಯ ಚಾಸಿಸ್ ಇಟ್ಟುಕೊಂಡಿರುವುದು ದ್ರಾಕ್ಷಿಗಾಗಿ. ಹಂಗಾಮಿನಲ್ಲಿ ಕೋಲ್ಡ್ ಸ್ಟೋರೇಜಿನ ಡಾಕಿಗೆ 40 ಅಡಿಯ ರೀಫರ್ (ತಂಪು) ಕಂಟೇನರನ್ನೇ ಹಚ್ಚಬೇಕಾಗುತ್ತದೆ. ಅದಕ್ಕೆ ಕರೆಂಟು ಕೊಡುವ ಜೆನ್‌ಸೆಟ್ ಮುಂಭಾಗದಲ್ಲಿ ತೂಗುವುದರಿಂದ ಹಾರ್ಸ್‌ನ ಕ್ಯಾಬಿನ್ನಿಗೂ ಕಂಟೇನರ್‌ಗೂ ನಡುವೆ ಜಾಗ ಬಿಟ್ಟಿರುವ ಚಾಸಿಸ್ಸೇ ಬೇಕು. ಹಣ್ಣಿನ ಲೋಡು ಕಂಟೇನರ್‌ನ ಉದ್ದಕ್ಕೂ ಹರಡಿರುತ್ತದೆ, ಕಲ್ಲಿನಷ್ಟು ಭಾರವೂ ಅಲ್ಲ, ಹಾಗಾಗಿ ನಮಗೆ ನಿಮ್ಮ ತೊಂದರೆ ಬರುವುದಿಲ್ಲ. ನೀವು ವರ್ಷದಲ್ಲಿ ಕೆಲವು ತಿಂಗಳು ಇಂತಹ ಕೆಲಸವನ್ನೂ ಹಿಡಿಯುವವರಾದರೆ 40 ಅಡಿಯ ಟ್ರೈಲರನ್ನು ಮಾರಬೇಡಿ. ಸಿಮೆಂಟು, ಕಬ್ಬಿಣದ ಬಾಡಿಗೆಗೂ ಪ್ಲಾಟ್‌ಫಾರ್ಮ್ ಬೇಕೇ ಬೇಕು. ಗಿಡ್ಡ ಸ್ಕೆಲೆಟನ್ ಮೇಲೆ ಕಂಟೇನರ್ ಬಿಟ್ಟು ಬೇರೇನೂ ಏರುವುದಿಲ್ಲ. ಆದರೆ ಖಾಲಿ ಕಂಟೇನರನ್ನು ಬಂದರಿನ ಕಡೆಯ ಯಾರ್ಡಿನಿಂದಲೇ ನೀವು ತರುತ್ತಿದ್ದರೆ, ಎರಡೂ ದಿಕ್ಕಿನಲ್ಲಿ ಗಾಡಿಯ ಮೇಲೆ ಕಂಟೇನರ್ ಇದ್ದೇ ಇರುತ್ತದಲ್ಲ, ಪ್ಲಾಟ್‌ಫಾರ್ಮ್‌ನಿಂದ ನಿಮಗೆ ಸಿಗುವ ಲಾಭವಾದರೂ ಏನು?

ಖಾಲಿ ತರುವಾಗಲೂ ನಾಲ್ಕೂ ಲಾಕ್ ಹಾಕಿಸಿ. 20 ಅಡಿಯ ಖಾಲಿ ಡಬ್ಬಿ ಎರಡು ಟನ್ನಿನ ಮೇಲೆ ಸ್ವಲ್ಪವೇ ತೂಗುತ್ತದೆ. ಸೊಲ್ಲಾಪುರ ರಸ್ತೆಯ ಬಯಲಿನಲ್ಲಿ ಆಷಾಢದ ಗಾಳಿ ಪಕ್ಕದಿಂದ ಹೊಡೆದಾಗ ಹಗ್ಗ ಕಟ್ಟಿದ್ದೇನೆ ಎನ್ನುವ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಅಂತೆಯೇ ಯಾರ್ಡಿನಲ್ಲಿ ಕಂಟೇನರ್ ಎತ್ತುವ ಮೊದಲು ಚಾಲಕ ಕೆಳಗಿಳಿದು ನಾಲ್ಕೂ ಲಾಕ್ ತೆರೆದಿರುವುದನ್ನು ಕಣ್ಣಾರೆ ನೋಡಬೇಕು. ಒಂದು ಮುಚ್ಚಿದ್ದರೂ ಕಂಟೇನರ್ ಜೊತೆಗೆ ಟ್ರೈಲರ್ ಕೂಡ ಮೇಲೇಳುತ್ತದೆ.

ನವನಗರದ_ಮಾಸ್ತರ, ಬಾಗಲಕೋಟೆ

ತಿಕೋಟಾದವರ ಸಲಹೆಗೆ ಲೆಕ್ಕದ ಬೆಂಬಲವೂ ಇದೆ. ಗಿಡ್ಡ ಚಾಸಿಸ್‌ನಲ್ಲಿ ಮೂರು ಆಕ್ಸಲ್‌ಗಳ ನಡುಬಿಂದು ಬಾಲದಿಂದ 1.9 ಮೀಟರ್ ಮುಂದೆ, ಕಿಂಗ್ ಪಿನ್ ಅಲ್ಲಿಂದ 4 ಮೀಟರ್ ಮುಂದೆ ಇದೆ ಎಂದುಕೊಳ್ಳಿ. ಕಂಟೇನರ್‌ನ ನಡುಬಿಂದು ಬಾಲದಿಂದ 3.03 ಮೀಟರ್, ಅಂದರೆ ಆಕ್ಸಲ್‌ಗಳಿಗಿಂತ 1.1 ಮೀಟರ್ ಮುಂದೆ ಬೀಳುತ್ತದೆ. ಆಗ 28 ಟನ್ನಿನಲ್ಲಿ ಸುಮಾರು 8 ಟನ್ ಕಿಂಗ್ ಪಿನ್‌ಗೆ, 20 ಟನ್ ಆಕ್ಸಲ್‌ಗಳಿಗೆ ಹೋಗುತ್ತದೆ. ಚಾಸಿಸ್‌ನ ಸ್ವಂತ ತೂಕ ಸೇರಿದರೂ ಎರಡೂ ಕಡೆ ಮಿತಿಯೊಳಗೇ ಉಳಿಯುತ್ತದೆ. ಆದರೆ ಎರಡೇ ಆಕ್ಸಲ್‌ನ ಗಿಡ್ಡ ಚಾಸಿಸ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅದರ ಮಿತಿ 21 ಟನ್, ನಿಮ್ಮ ಹಾರ್ಸ್ ಸೇರಿ ಒಟ್ಟು 39.5 ಟನ್; ಕಲ್ಲಿನ ಲೋಡಿಗೆ ಅದು ಸಾಲುವುದಿಲ್ಲ.

ಇಳಕಲ್_ಸಾರಿಗೆ

ಮಾರಾಟಕ್ಕಿರುವುದು 40 ಅಡಿಯದೇ ಎಂದು ಫೋನ್ ಮಾಡಿ ತಿಳಿದುಕೊಂಡೆ, ಅದನ್ನು ಬಿಟ್ಟಿದ್ದೇನೆ. ಹುಬ್ಬಳ್ಳಿ ಕಡೆ ಮೂರು ಆಕ್ಸಲ್‌ನ ಗಿಡ್ಡ ಚಾಸಿಸ್ ಒಂದಿದೆ ಎಂದು ಮಧ್ಯವರ್ತಿಗಳು ಹೇಳಿದ್ದಾರೆ. ಹಳೆಯ ಗಾಡಿ ನೋಡಲು ಹೋದಾಗ ಮೊದಲು ಏನನ್ನು ನೋಡಬೇಕೆಂದು ಉದ್ಯಮಬಾಗದವರು ಹೇಳಿದರೆ ಉಪಕಾರವಾಗುತ್ತದೆ.

ಉದ್ಯಮಬಾಗ_ವೆಲ್ಡರ್, ಬೆಳಗಾವಿ

ಹೊಸ ಬಣ್ಣ ಬಳಿದಿದ್ದರೆ ಅದನ್ನೇ ಮೊದಲ ಅನುಮಾನವಾಗಿ ಇಟ್ಟುಕೊಳ್ಳಿ. ಬೀಮಿನ ಎತ್ತರ ಬದಲಾಗುವ ಕುತ್ತಿಗೆಯ ಬಾಗು ಮತ್ತು ಪ್ಲೇಟ್ ಬ್ರಾಕೆಟ್ಟುಗಳ ಬುಡ, ಈ ಎರಡು ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಕೂದಲೆಳೆಯಂತಹ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಎರಡು ಇಂಚಿನ ಕಿಂಗ್ ಪಿನ್ ಹೊಸದರಲ್ಲಿ 50.8 ಮಿಲಿಮೀಟರ್ ಇರುತ್ತದೆ. ವರ್ನಿಯರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆಯಿರಿ, ಏಕೆಂದರೆ ಅದು ಸುತ್ತಲೂ ಸಮವಾಗಿ ಸವೆಯುವುದಿಲ್ಲ. 49ಕ್ಕೆ ಇಳಿದಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿ. ಕೊನೆಗೆ ಟೇಪಿನ ಒಂದು ತುದಿಯನ್ನು ಕಿಂಗ್ ಪಿನ್‌ಗೆ ಹಿಡಿಸಿ, ಮುಂದಿನ ಆಕ್ಸಲ್‌ನ ಎಡ ಮತ್ತು ಬಲ ಹಬ್ಬಿನ ಕೇಂದ್ರಕ್ಕೆ ಬೇರೆ ಬೇರೆ ಅಳೆಯಿರಿ. ಎರಡೂ ಒಂದೇ ಬರಬೇಕು. ವ್ಯತ್ಯಾಸವಿದ್ದರೆ ಟ್ರೈಲರ್ ಅಡ್ಡ ನಡೆಯುತ್ತದೆ, ಟೈರುಗಳ ಒಂದು ಅಂಚು ತಿನ್ನುತ್ತದೆ. ಲಾಕ್‌ಗಳನ್ನು ಆಮೇಲೆ ನೋಡಿದರೂ ಆಯಿತು, ಅವು ಬಿಡಿಯಾಗಿ ಸಿಗುತ್ತವೆ.